ಅಂಕದಲ್ಲಿ ಕಾಣದ ಗಡುವು

ಯಾವ ಕೆಲಸ ಮೊದಲು? ಸಾಫ್ಟ್‌ವೇರ್ ತಂಡಗಳ ಈ ನಿತ್ಯದ ಜಗಳ ಬಗೆಹರಿಸಲು ಚಾಲ್ತಿಗೆ ಬಂದ ಲೆಕ್ಕಗಳಲ್ಲಿ ಇಂಟರ್‌ಕಾಮ್ ಕಂಪನಿಯ ‘ರೈಸ್’ ಒಂದು. ಎಷ್ಟು ಜನರಿಗೆ ತಲುಪುತ್ತದೆ, ಪರಿಣಾಮ ಎಷ್ಟು, ನಮಗೆ ಖಾತ್ರಿ ಎಷ್ಟು ಎಂಬ ಮೂರನ್ನು ಗುಣಿಸಿ, ತಗಲುವ ಶ್ರಮದಿಂದ ಭಾಗಿಸಬೇಕು. ಹೆಚ್ಚು ಅಂಕ ಬಂದ ಕೆಲಸ ಮೊದಲು.

ಇದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ದನಿ ದೊಡ್ಡದಿದ್ದವರ ಮಾತೇ ನಡೆಯುವ ಮೀಟಿಂಗಿನಲ್ಲಿ ‘ಖಾತ್ರಿ ಎಷ್ಟು?’ ಎಂದು ಕೇಳುವ ಒಂದು ಕಾಲಂ ಇರುವುದೇ ದೊಡ್ಡದು. ಅಲ್ಲಿ ಶೇ. 50 ಎಂದು ಬರೆಯಬೇಕಾದಾಗ ಎಂಥವರ ಹುಮ್ಮಸ್ಸೂ ಸ್ವಲ್ಪ ಇಳಿಯುತ್ತದೆ.

ಆದರೆ ಸಂಖ್ಯೆಗಿರುವ ಗಾಂಭೀರ್ಯ ಅದರ ಹಿಂದಿನ ಊಹೆಗಿಲ್ಲ. ಒಂದು ಫೀಚರ್ ಮೂರು ತಿಂಗಳಲ್ಲಿ 2000 ಗ್ರಾಹಕರನ್ನು ಮುಟ್ಟುತ್ತದೆ, ಪರಿಣಾಮ 1, ಖಾತ್ರಿ ಶೇ. 80, ಶ್ರಮ ಇಬ್ಬರು ಒಂದು ತಿಂಗಳು ದುಡಿಯುವಷ್ಟು ಎಂದುಕೊಳ್ಳಿ: ಅಂಕ 800. ಶ್ರಮ ದುಪ್ಪಟ್ಟಾದರೆ 400. (ದುಪ್ಪಟ್ಟಾಗದ ಅಂದಾಜನ್ನು ಕಂಡವರು ಕಡಿಮೆ.) ಪರಿಣಾಮವನ್ನು 2 ಎಂದು ತಿದ್ದಿದರೆ ಮತ್ತೆ 800! ತಮಗೆ ಬೇಕಾದ್ದನ್ನು ಪಟ್ಟಿಯ ಮೇಲಕ್ಕೆ ತರಲು ಬಲ್ಲವರಿಗೆ ಇಷ್ಟು ಸಾಕು.

ಇನ್ನೂ ದೊಡ್ಡ ಕೊರತೆಯೆಂದರೆ, ಈ ಸೂತ್ರದಲ್ಲಿ ತಾರೀಖಿಗೆ ಜಾಗವೇ ಇಲ್ಲ. ವೆಬ್‌ಸೈಟಿನ ಟಿಎಲ್‌ಎಸ್ ಸರ್ಟಿಫಿಕೇಟ್ ತಾನಾಗಿ ನವೀಕರಣಗೊಳ್ಳುವಂತೆ ಮಾಡುವ ಕೆಲಸವನ್ನೇ ನೋಡಿ. ಅವಧಿ ಮುಗಿಯುವುದು ಮುಂದಿನ ತ್ರೈಮಾಸಿಕದಲ್ಲಿ ಎಂದಾದರೆ, ಈ ತ್ರೈಮಾಸಿಕದ ಲೆಕ್ಕದಲ್ಲಿ ಅದರಿಂದ ಉಪಯೋಗ ಪಡೆಯುವ ಗ್ರಾಹಕರು ಸೊನ್ನೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ. ಅವಧಿ ಮುಗಿದ ಕ್ಷಣದಿಂದ ಬ್ರೌಸರ್ ಎಚ್ಚರಿಕೆ ತೋರಿಸುತ್ತದೆ, ಆ್ಯಪ್ ಸರ್ವರಿನ ಸಂಪರ್ಕ ಕಡಿದುಕೊಳ್ಳುತ್ತದೆ, ತಂಡದವರು ನಿದ್ದೆಗೆಟ್ಟು ಕೂರುತ್ತಾರೆ. 2029ರ ಮಾರ್ಚ್ ಮಧ್ಯದಿಂದ ಹೊಸ ಸಾರ್ವಜನಿಕ ಸರ್ಟಿಫಿಕೇಟುಗಳ ಗರಿಷ್ಠ ಅವಧಿ 47 ದಿನಕ್ಕಿಳಿಯಲಿದೆ. ಇಂಥ ಕೆಲಸವನ್ನು ಪಟ್ಟಿಯ ಬುಡಕ್ಕೆ ತಳ್ಳುವ ಲೆಕ್ಕವನ್ನು ಹೇಗೆ ನಂಬುವುದು?

ಡಾನ್ ರೈನರ್ಟ್‌ಸನ್ ಉತ್ಪನ್ನ ಅಭಿವೃದ್ಧಿ ಕುರಿತ 2009ರ ತಮ್ಮ ಪುಸ್ತಕದಲ್ಲಿ ತಡವಾದರೆ ಆಗುವ ನಷ್ಟವನ್ನೇ ಲೆಕ್ಕ ಹಾಕಿ ಎಂದಿದ್ದರು. ಗೂಗಲ್‌ನ ಎಂಜಿನಿಯರುಗಳು ರೂಢಿಸಿದ ‘ಎರರ್ ಬಜೆಟ್’ ನನಗೆ ಇನ್ನೂ ಹೆಚ್ಚು ಹಿಡಿಸುತ್ತದೆ. ಸೇವೆ ಶೇ. 99.9ರಷ್ಟು ಲಭ್ಯವಿರಬೇಕು ಎಂದರೆ 30 ದಿನಗಳಲ್ಲಿ ಸುಮಾರು 43 ನಿಮಿಷ ಕೆಡಬಹುದು. ಅದು ಖರ್ಚಾದರೆ ಹೊಸ ಬಿಡುಗಡೆಗೆ ತಡೆ, ದುರಸ್ತಿ ಮೊದಲು. ಇಲ್ಲಿ ಯಾರೂ ಅಂಕ ಹಾಕುತ್ತ ಕೂರಬೇಕಿಲ್ಲ, ನಿಯಮ ಮೊದಲೇ ಒಪ್ಪಿತವಾಗಿರುತ್ತದೆ. ಸರ್ಟಿಫಿಕೇಟನ್ನು ಇದೂ ಮುಂಚಿತವಾಗಿ ಕಾಣದು, ನಿಜ. ಹಾಗಾಗಿ ರೈಸನ್ನು ಫೀಚರುಗಳ ಸಾಲಿಗಷ್ಟೇ ಬಿಟ್ಟು, ಗಡುವಿರುವ ಕೆಲಸಗಳಿಗೆ ಅಂಕವಿಲ್ಲದ, ತಾರೀಖಿನದೇ ಇನ್ನೊಂದು ಸಾಲು ಇಡುವುದು ವಾಸಿ. ಆ ಸಾಲಿಗೆ ಪ್ರತಿ ವಾರ ಒಬ್ಬ ಎಂಜಿನಿಯರನ್ನು ಬಿಟ್ಟುಕೊಡಲು ಎಷ್ಟು ಮ್ಯಾನೇಜರುಗಳು ತಯಾರಿದ್ದಾರೆ ಎಂಬುದು ಬೇರೆ ಮಾತು.