ಮನೆಗೆ ಬರೆಯದ ಶಿಬಿರ ಕಥನ

ಹೈದರಾಬಾದ್ ಕರ್ನಾಟಕದ ವಿಮೋಚನಾ ಸಾಹಿತ್ಯವೆಂದರೆ ಬಹುಪಾಲು ಶಿಬಿರ ಕಥನವೇ. 1947ರ ಆಗಸ್ಟ್‌ನಿಂದ 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಸಂಸ್ಥಾನದ ಗಡಿಯಾಚೆ ಬೀಡುಬಿಟ್ಟು ಹೋರಾಡಿದವರು ಮುಂದೆ ಬರೆದ, ಇಲ್ಲವೆ ಹೇಳಿ ಬರೆಸಿದ ನೆನಪುಗಳು ಅದರ ಮೂಲ ಬಂಡವಾಳ. ಮುಂಡರಗಿ ಶಿಬಿರದ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡ ಶಿಬಿರದ ಪುಂಡಲೀಕಪ್ಪ ಜ್ಞಾನಮೋಠೆ, ಇಂದಿನ ಕಮಲಾಪುರ ತಾಲ್ಲೂಕಿನ ಮಹಾಗಾಂವದ ಸರದಾರ ಶರಣಗೌಡ ಇನಾಮದಾರ ಇಂಥವರು ಈ ಕಥನಗಳ ನಾಯಕರು. ನಿಜಾಮನ ಸುಂಕದ ಕಟ್ಟೆಯಾದ ಕರೋಡಗಿರಿ ನಾಕೆಯ ಮೇಲಿನ ದಾಳಿ, ನಿಜಾಮನ ಪರವಾದ ಖಾಸಗಿ ಪಡೆ ರಜಾಕಾರರೊಡನೆ ಗುಂಡಿನ ಕಾಳಗ, ಗಡಿಹಳ್ಳಿಯಲ್ಲಿ ತ್ರಿವರ್ಣ ಧ್ವಜ: ಘಟನೆಗಳ ಸಾಲೂ ಹೆಚ್ಚುಕಡಿಮೆ ಒಂದೇ.

ಇಷ್ಟೆಲ್ಲದರ ನಡುವೆ ಕಾಣದಿರುವುದು ಮನೆ. ಹೋರಾಟಗಾರನು ಅವ್ವನಿಗೋ ಹೆಂಡತಿಗೋ ಬರೆದ ಕಾಗದ ಈ ಸಾಹಿತ್ಯಕ್ಕೆ ಆಧಾರವಾದದ್ದು ಅಪರೂಪ. 1861–65ರ ಅಮೆರಿಕದ ಅಂತರ್ಯುದ್ಧದ ಸೈನಿಕರು ಮನೆಗೆ ಬರೆದ ಕಾಗದಗಳೇ ಅಲ್ಲಿ ಒಂದು ದೊಡ್ಡ ಸಾಹಿತ್ಯವಾಗಿವೆ. ಸೈನಿಕರಲ್ಲಿ ಅಕ್ಷರ ಬಲ್ಲವರು ಹೆಚ್ಚಿದ್ದರು, ಅಂಚೆಯೂ ನಡೆಯುತ್ತಿತ್ತು. ಇಲ್ಲಿ ಎರಡೂ ನೆರವಿಗೆ ಬರಲಿಲ್ಲ. ನಿಜಾಮನ ಸಂಸ್ಥಾನಕ್ಕೆ ತನ್ನದೇ ಅಂಚೆ, ತನ್ನದೇ ಚೀಟಿ ಇತ್ತು. ಮುಂಡರಗಿಯ ಮುದ್ರೆ ಬಿದ್ದ ಲಕೋಟೆ ಸಂಸ್ಥಾನದೊಳಗಿನ ಕುಸನೂರಿನಂಥ ಊರಿಗೆ ಬಂದರೆ ಮಗ ಎಲ್ಲಿದ್ದಾನೆಂದು ಪೊಲೀಸರಿಗೆ ತಾನಾಗಿ ಹೇಳಿಕೊಟ್ಟಂತೆ. ಆಡಳಿತದ ಮತ್ತು ಮೇಲ್ತರಗತಿಗಳ ಭಾಷೆ ಉರ್ದು. ಕನ್ನಡದಲ್ಲಿ ಓದಿ ಬರೆಯಬಲ್ಲವರು ಹಳ್ಳಿಗಳಲ್ಲಿ ಕೆಲವೇ ಮಂದಿ. ಸುದ್ದಿ ಬಾಯಿಂದ ಬಾಯಿಗೆ ದಾಟಿತು, ದಾಟಿದ ಮೇಲೆ ಉಳಿಯಲಿಲ್ಲ.

ಕಾಗದವಿಲ್ಲದ್ದು ಬರೆದವರ ತಪ್ಪಲ್ಲ. ಆದರೆ ಹತ್ತಾರು ವರ್ಷ ಕಳೆದು ನೆನೆದು ಬರೆಯುವಾಗಲೂ ಮನೆ ಹೊರಗೇ ಉಳಿದದ್ದಕ್ಕೆ ಬೇರೆ ಕಾರಣ ಹುಡುಕಬೇಕು. ಒಂದು ಕಾರಣ ಪಿಂಚಣಿಯ ಕಡತದಲ್ಲಿದೆ. ಸ್ವಾತಂತ್ರ್ಯ ಸೈನಿಕ ಸಮ್ಮಾನ ಪಿಂಚಣಿಗೆ ಯಾವ ಶಿಬಿರ, ಯಾರ ಮುಂದಾಳತ್ವ, ಎಷ್ಟು ಕಾಲ ಎಂಬುದಕ್ಕೆ ಪುರಾವೆ ಬೇಕಿತ್ತು. ಅನೇಕ ನೆನಪುಗಳು ಅದೇ ಕ್ರಮದಲ್ಲಿ ಸಾಗುತ್ತವೆ: ಅರ್ಜಿಯ ಅಂಕಣಗಳೇ ಅಧ್ಯಾಯಗಳಾಗಿವೆ. ವಿಮೋಚನಾ ದಿನವಾದ ಸೆಪ್ಟೆಂಬರ್ 17ರ ಸ್ಮರಣ ಸಂಚಿಕೆಗಳು ಈ ಅಚ್ಚನ್ನು ಇನ್ನಷ್ಟು ಗಟ್ಟಿ ಮಾಡಿದವು. ಚಳವಳಿಯ ದೊಡ್ಡ ನಾಯಕ ಸ್ವಾಮಿ ರಮಾನಂದ ತೀರ್ಥರು 1967ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ನೆನಪುಗಳು ರಾಜಕೀಯ ವೃತ್ತಾಂತವಾಗಿ ಬೆಲೆಯುಳ್ಳವು. ಅವರು ಸನ್ಯಾಸಿ, ಮನೆಯ ಮಾತು ಅವರಿಂದ ನಿರೀಕ್ಷಿಸುವಂತಿಲ್ಲ. ಸಂಸಾರಸ್ಥರೂ ಅದೇ ಧಾಟಿ ಹಿಡಿದದ್ದು ವಿಚಿತ್ರ. ಗಂಡನಿಲ್ಲದ ವರ್ಷದಲ್ಲಿ ಹೊಲ ಯಾರು ಬಿತ್ತಿದರು, ಗ್ರಾಮ ಬಿಟ್ಟು ಓಡಿದಾಗ ಮುದುಕರನ್ನು ಎಲ್ಲಿರಿಸಿದರು ಎಂಬ ವಿವರ ಸಿಕ್ಕುವುದು ಹೆಂಗಸರ ಬಾಯಿಮಾತಿನಲ್ಲೇ ಹೊರತು ಮುದ್ರಿತ ಪುಟದಲ್ಲಲ್ಲ.

ಇನ್ನೊಂದು ಮೌನ ಇದಕ್ಕಿಂತ ಭಾರವಾದದ್ದು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಶಿಬಿರ ಕಥನ ಮತ್ತೆ ಮತ್ತೆ ನೆನೆಯುತ್ತದೆ, ನೆನೆಯಲೇಬೇಕು. ಆದರೆ ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತ ಸೇನೆ ನಡೆಸಿದ ಪೊಲೀಸ್ ಆ್ಯಕ್ಷನ್‌ನೊಂದಿಗೆ ಅದರ ಕಥೆ ಮುಗಿಯುತ್ತದೆ. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಆ ನಂತರದ ಹತ್ಯೆಗಳನ್ನು ವಿಚಾರಿಸಿ, ಸಂಸ್ಥಾನದಾದ್ಯಂತ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿತು. ಅತಿ ಹೆಚ್ಚು ಹಾನಿಗೊಂಡ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ ಎರಡೂ ಇದ್ದವು. ಉಳಿದವು ಉಸ್ಮಾನಾಬಾದ್, ನಾಂದೇಡ. ಸತ್ತವರಲ್ಲಿ ಬಹುಪಾಲು ಮುಸ್ಲಿಮರು, ರಜಾಕಾರರೊಡನೆ ಸಂಬಂಧವೇ ಇಲ್ಲದ ನೆರೆಹೊರೆಯವರೂ ಅವರಲ್ಲಿದ್ದರು. ವರದಿ ದಶಕಗಳ ಕಾಲ ಸಾರ್ವಜನಿಕರಿಗೆ ಸಿಗಲಿಲ್ಲ ಎಂಬುದು ಹಿರಿಯ ಲೇಖಕರ ಮಟ್ಟಿಗೆ ಅರ್ಧ ಸಮಾಧಾನ. ಅರ್ಧವಷ್ಟೇ, ಏಕೆಂದರೆ ಊರಲ್ಲಿ ನಡೆದದ್ದನ್ನು ತಿಳಿಯಲು ಊರಿನವರಿಗೆ ವರದಿ ಬೇಕಿರಲಿಲ್ಲ.