ಬಾಯಿ ನಮ್ಮದು, ಪುಸ್ತಕ ಯಾರದು?

ರಾಯಚೂರು ಕೋಟೆಯ ಗೋಡೆಯೊಳಗೆ ನಲವತ್ತೊಂದು ಅಡಿಗಿಂತ ಉದ್ದದ ಒಂದೇ ಕಲ್ಲು ಇದೆ. 1294ರಲ್ಲಿ ಗೋರೆ ಗಂಗಯ್ಯ ರುದ್ದಿವಾರು ಈ ಕೋಟೆ ಕಟ್ಟಿಸಿದನೆಂದು ಅದರ ಮೇಲಿನ ತೆಲುಗು ಶಾಸನ ಹೇಳುತ್ತದೆ. ಆ ಕಲ್ಲನ್ನು ಅಲ್ಲಿಗೆ ಸಾಗಿಸಿದ ಚಿತ್ರವೂ ಅಲ್ಲೇ ಕೊರೆಯಲ್ಪಟ್ಟಿದೆ: ಕಲ್ಲು ಹೇರಿದ ಬಂಡಿ, ಸಾಲುಗಟ್ಟಿ ಎಳೆಯುವ ಕೋಣಗಳು, ಅವುಗಳನ್ನು ಹೊಡೆಯುವ ಆಳುಗಳು, ಹಿಂದೆ ಸನ್ನೆಗೋಲು ಹಾಕಿ ಗಾಲಿ ನೂಕುವವರು. ಕಟ್ಟಿಸಿದವನಿಗೆ ಹೆಸರು ಸಿಕ್ಕಿತು, ಎಳೆದವರಿಗೆ ಚಿತ್ರ ಸಿಕ್ಕಿತು. ಎಳೆದವರು ಯಾವ ಊರವರು, ಯಾವ ಕೇರಿಯವರು, ಎಷ್ಟು ಮಂದಿ ಆ ಕಲ್ಲಿನಡಿ ಸತ್ತರು ಎಂದು ಕೇಳಿದರೆ ಕಲ್ಲು ಸುಮ್ಮನಿದೆ. ಈ ಜಿಲ್ಲೆಯಲ್ಲಿ ಬದುಕನ್ನು ದಾಖಲಿಸುವ ಕೆಲಸ ಬಹಳ ಹಳೆಯದು. ಯಾರ ಬದುಕು ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು.

ಮಾನ್ವಿಯನ್ನು ನೋಡಿ. ಚೀಕಲಪರ್ವಿಯ ವಿಜಯದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು, ಇವರ ಜೀವನದ ಕತೆ ಇಲ್ಲಿ ಮನೆಮನೆಗೂ ಗೊತ್ತು. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿದ್ದಕ್ಕೆ ಜಗನ್ನಾಥದಾಸರಿಗೆ ನಿಜವಾಗಿಯೇ ಹೊಟ್ಟೆನೋವು ಬಂತೆಂಬ ಐತಿಹ್ಯವನ್ನು ಎರಡು ನೂರು ವರ್ಷದಿಂದ ಜನ ಹೇಳುತ್ತಾ ಬಂದಿದ್ದಾರೆ. ಇರಲಿ, ಹೇಳಲಿ. ಆದರೆ ಅದೇ ಮಾನ್ವಿಯ ನೆಲದಲ್ಲಿ ಹಸಿವಿನಿಂದ ಹೊಟ್ಟೆ ಹಿಡಿದುಕೊಂಡು ಮಲಗಿದವರ ನೋವನ್ನು ಯಾರು ಬರೆದಿಟ್ಟರು?

ಹಾಗಂತ ಸಾಮಾನ್ಯರ ಬದುಕನ್ನು ಬರೆದಿಡುವ ಕಸುಬೇ ಇರಲಿಲ್ಲ ಎನ್ನುವಂತಿಲ್ಲ. ಹೆಳವರು ಇದ್ದರು, ಈಗಲೂ ಇದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬಂದು, ಮನೆ ಮುಂದೆ ನಿಂತು ಆ ವಂಶದ ಹೆಸರುಗಳನ್ನು ತಲೆಮಾರು ತಲೆಮಾರಾಗಿ ಹೇಳುತ್ತಾರೆ. ಮೂಲ ಯಾವ ಊರು, ಯಾವ ಕಾಲಕ್ಕೆ ಅದನ್ನು ಬಿಟ್ಟು ಇಲ್ಲಿಗೆ ಬಂದರು, ಯಾರಿಗೆ ಎಷ್ಟು ಗಂಡುಮಕ್ಕಳು, ಎಲ್ಲವೂ ಅವರ ಪುಸ್ತಕದಲ್ಲಿದೆ. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸುತ್ತಾರೆ. ಕಾಳು, ದುಡ್ಡು, ಬಟ್ಟೆ, ಕೆಲವೊಮ್ಮೆ ದನ ಪಡೆಯುತ್ತಾರೆ. ಇದು ಜೀವನಕತೆ ಬರೆಯುವ ಸಣ್ಣ ವ್ಯಾಪಾರವೇ ಸರಿ. ಬಡವರೇ ನಡೆಸುವ, ಗೌರವದ ವ್ಯಾಪಾರ. ಆದರೆ ಯಾರ ಮನೆಯಲ್ಲಿ ಅಳೆದು ಕೊಡಲು ಕಾಳಿದೆಯೋ ಅವರ ವಂಶ ಪುಸ್ತಕಕ್ಕೆ ಏರುತ್ತದೆ. ಹೊಲ ಇದ್ದವನಿಗೆ ತಾತ, ಮುತ್ತಾತ ಇದ್ದಾರೆ. ಕೂಲಿಯವನ ವಂಶ ಅವನ ಅಪ್ಪನಿಗೇ ಮುಗಿದುಹೋಗುತ್ತದೆ. ಆ ಪುಸ್ತಕದಲ್ಲಿ ಹೆಣ್ಣುಮಕ್ಕಳನ್ನು ಹುಡುಕುವುದಂತೂ ಇನ್ನೂ ಕಷ್ಟ.

ನಮ್ಮ ಕೇರಿಗೂ ಒಬ್ಬ ಕತೆಗಾರನಿದ್ದ. ಮಾದಿಗರ 'ಹಳೆಮಕ್ಕಳು' ಎನಿಸಿಕೊಂಡ ದಕ್ಕಲಿಗರು ಜಾಂಬವ ಪುರಾಣ ಹೇಳಿ, ಮಾದಿಗ ಕುಲದ ಹುಟ್ಟು, ಹಿರಿಮೆ ಹಾಡಿ ಬೇಡಿ ಬದುಕಿದವರು. ಊರು ನಮ್ಮನ್ನು ಹೊಲಸು ಎಂದಾಗ, 'ನೀವು ಈ ಭೂಮಿಗಿಂತ ಹಿರಿಯರು' ಎಂದು ಹೇಳಿದ ಒಂದೇ ಬಾಯಿ ದಕ್ಕಲಿಗರದು. ಆ ಬಾಯಿಗೆ ಕೇರಿ ಕೊಟ್ಟದ್ದೇನು? ಅವರ ಗುಡಾರ ಕೇರಿಯ ಹೊರಗೆ, ಕೇರಿಯ ಬಾವಿ ಅವರಿಗಿಲ್ಲ. ಊರಿಗೆ ನಾವು ಮುಟ್ಟಬಾರದವರು, ನಮಗೆ ಅವರು ಮುಟ್ಟಬಾರದವರು. ಕೆ.ಬಿ. ಸಿದ್ದಯ್ಯನವರು 'ದಕ್ಲಕಥಾದೇವಿ ಕಾವ್ಯ'ದಲ್ಲಿ ಈ ಕೂಸಿನ ಕಡೆ ಮುಖ ತಿರುಗಿಸಿದ್ದು ನಮ್ಮ ಸಾಹಿತ್ಯದ ದೊಡ್ಡ ಸಂಗತಿ. ಚಳವಳಿಯ ಗೆಳೆಯರು ಇದನ್ನು ಅರಗಿಸಿಕೊಳ್ಳಬೇಕು. ನಮ್ಮ ಕತೆ ಹೇಳಿದವನ ಕತೆಯನ್ನು ಕೇಳದ ನಾವು, ನಮ್ಮ ಕತೆ ಕೇಳಲಿಲ್ಲವೆಂದು ಊರಿನ ಮೇಲೆ ಹೂಡುವ ಮೊಕದ್ದಮೆ ಅರ್ಧವೇ ನಿಲ್ಲುತ್ತದೆ.

ಮೂರನೆಯ ಕಸುಬಿನವನನ್ನು ಎಲ್ಲರೂ ನೋಡಿರುತ್ತೀರಿ. ದೇವದುರ್ಗ ಇರಲಿ, ಮಾನ್ವಿ ಇರಲಿ, ತಹಶೀಲ್ ಕಚೇರಿಯ ಸುತ್ತಮುತ್ತ ಕೂತು ಅರ್ಜಿ ಬರೆಯುವವನು. ಬಡವರ ಜೀವನಚರಿತ್ರೆಯನ್ನು ಈ ನಾಡಿನಲ್ಲಿ ಅತಿ ಹೆಚ್ಚು ಬರೆದವನು ಇವನೇ, ಯಾವ ಸಾಹಿತಿಯೂ ಅಲ್ಲ. ಗಂಡ ಸತ್ತದ್ದು, ಹೊಲ ಹೋದದ್ದು, ಗುಳೆ ಹೋದದ್ದು, ಮಗ ಬಿಟ್ಟುಹೋದದ್ದು, ಎಲ್ಲ ಒಂದು ಹಾಳೆಯಲ್ಲಿ. 'ಮಾನ್ಯರೇ' ಎಂದು ಶುರು, 'ತಮ್ಮ ವಿಧೇಯ' ಎಂದು ಮುಕ್ತಾಯ, ಕೆಳಗೆ ಹೆಬ್ಬೆಟ್ಟು. ಅರವತ್ತು ವರ್ಷದ ಬದುಕು ಸರ್ಕಾರಕ್ಕೆ ಬೇಕಾದ ಆಕಾರಕ್ಕೆ ಮಡಚಿಕೊಂಡು ಕೂಡುತ್ತದೆ. ಹೇಳಿದಾಕೆಗೆ ಓದಲು ಬರುವುದಿಲ್ಲ. ಏನು ಬರೆದ ಎಂದು ಆಕೆಗೆ ಗೊತ್ತಾಗುವುದು ಅರ್ಜಿ ವಜಾ ಆದಾಗಲೇ!

ದೇವದಾಸಿಯರ ವಿಷಯಕ್ಕೆ ಬಂದರೆ ಇದು ಇನ್ನೂ ಕ್ರೂರ. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧ ಮಾಡಿತು. ಆಮೇಲೆ 1993-94ರಲ್ಲಿ ಮತ್ತು 2007-08ರಲ್ಲಿ ನಡೆದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ಮಾಜಿ ದೇವದಾಸಿಯರನ್ನು ಗುರುತಿಸಿದರು. ಪಟ್ಟಿಯಲ್ಲಿ ಹೆಸರು ಬಂದವರಿಗೆ ಮಾಸಾಶನದ ದಾರಿ ಸಿಕ್ಕಿತು. ಬಿಟ್ಟುಹೋದವರು ತಾವು ದೇವದಾಸಿ ಎಂಬುದನ್ನು ಮೇಜಿನಿಂದ ಮೇಜಿಗೆ ಹೇಳಿಕೊಳ್ಳುತ್ತಾ ಅಲೆದರು. ಜಗತ್ತು ಮುಚ್ಚಿಡು ಎಂದ ಕತೆಯನ್ನೇ ಕಚೇರಿ ಬಿಚ್ಚಿ ತೋರಿಸು ಎನ್ನುತ್ತದೆ. ಇವರ ಪಾಲಿಗೆ ಜೀವನಕತೆ ಎಂದರೆ ಪಡಿತರ ಚೀಟಿಯಂಥ ಒಂದು ದಾಖಲೆ. ಹೇಳದಿದ್ದರೆ ಅನ್ನವಿಲ್ಲ.

ಈಗ ನಾಲ್ಕನೆಯವನು ಬಂದಿದ್ದಾನೆ. ಕೈಯಲ್ಲಿ ಮೊಬೈಲು, ಹೆಗಲಲ್ಲಿ ಚೀಲ. ಸಂಶೋಧನೆಗೆ, ಸಂಸ್ಥೆಯ ವರದಿಗೆ, ಯೂಟ್ಯೂಬಿಗೆ, ಪುಸ್ತಕಕ್ಕೆ ಕತೆ ಬೇಕು ಎನ್ನುತ್ತಾನೆ. ಅವನ ಮೊದಲ ಪ್ರಶ್ನೆ ಗೊತ್ತೇ ಇದೆ: 'ಎಷ್ಟನೇ ವಯಸ್ಸಿಗೆ ಮುತ್ತು ಕಟ್ಟಿದ್ರಮ್ಮಾ?' ಎರಡನೆಯದು: 'ಆಗ ನಿಮಗ ಏನನಿಸ್ತು?' ಆಕೆ ಅತ್ತರೆ ಕತೆ ಚೆನ್ನಾಗಿ ಬಂತು. ಆಕೆಗೆ ದಿನಕ್ಕೆ ಕೂಲಿ ಎಷ್ಟು ಸಿಗುತ್ತದೆ, ಭತ್ತದ ನಾಟಿಗೆ ಗುತ್ತಿಗೆ ಹಿಡಿಯುವ ಲೆಕ್ಕ ಹೇಗೆ, ಕಳೆ ತೆಗೆಯುವಾಗ ಯಾವ ಹಾಡು ಹಾಡುತ್ತಾರೆ, ಮೊದಲು ಎದುರು ಮಾತಾಡಿದ್ದು ಯಾವಾಗ, ಇವನ್ನು ಕೇಳುವವರು ಅಪರೂಪ. ನೋವನ್ನಷ್ಟೇ ಕೇಳುವವನು ನೋವನ್ನಷ್ಟೇ ಪಡೆಯುತ್ತಾನೆ. ಆಕೆಯ ಬುದ್ಧಿ, ಹಾಸ್ಯ, ಲೆಕ್ಕಾಚಾರ, ಸಿಟ್ಟು ಎಲ್ಲ ಹಳ್ಳಿಯಲ್ಲೇ ಉಳಿದು, ಕಣ್ಣೀರು ಮಾತ್ರ ಬೆಂಗಳೂರು ಸೇರುತ್ತದೆ.

ಇಲ್ಲಿ ಭಾಷೆಯ ಪ್ರಶ್ನೆ ಏಳುತ್ತದೆ. ನನ್ನ ಮಟ್ಟಿಗೆ ಇದೇ ಮುಖ್ಯವಾದ ವಿಮರ್ಶೆಯ ಪ್ರಶ್ನೆ. ನಮ್ಮ ಸೀಮೆಯ ಒಬ್ಬ ಮುದುಕಿ ಹೀಗೆ ಹೇಳುತ್ತಾಳೆಂದು ಇಟ್ಟುಕೊಳ್ಳಿ: 'ಗೌಡ್ರ ಹೊಲಕ್ಕ ಕಳಿ ತಗ್ಯಾಕ ಹೋದ್ರ, ನೀರು ಮ್ಯಾಲಿಂದ ಹೊಯ್ತಿದ್ರು. ಬೊಗಸಿ ಒಡ್ಡಿ ಕುಡೀತಿದ್ವಿ.' ಪುಸ್ತಕದಲ್ಲಿ ಅದು ಹೀಗಾಗುತ್ತದೆ: 'ಬಾಲ್ಯದಲ್ಲಿ ಅಸ್ಪೃಶ್ಯತೆಯ ಕಹಿ ಅನುಭವವನ್ನು ಅನುಭವಿಸಿದೆ.' ವ್ಯಾಕರಣ ಸರಿಯಾಯಿತು, ಭಾಷೆ ಶುದ್ಧವಾಯಿತು. ಆದರೆ ಗೌಡ ಎಲ್ಲಿ ಹೋದ? ಆಕೆಯ ಮಾತಿನಲ್ಲಿ ನೀರು ಹೊಯ್ಯುವವನಿದ್ದ, ಅವನ ಹೊಲವಿತ್ತು, ಆಕೆಯ ದುಡಿಮೆಯಿತ್ತು, ಒಡ್ಡಿದ ಕೈಯಿತ್ತು. ಶಿಷ್ಟ ವಾಕ್ಯದಲ್ಲಿ ಅಪರಾಧಿಯೂ ಇಲ್ಲ, ಹೊಲವೂ ಇಲ್ಲ. 'ಅನುಭವ' ಒಂದೇ ಉಳಿದಿದೆ, ಯಾರೂ ಮಾಡದೆ ತಾನಾಗಿ ಬಂದ ಮಳೆಯ ಹಾಗೆ. ಭಾಷೆಗೆ ಇಸ್ತ್ರಿ ಹಾಕುವ ನೆಪದಲ್ಲಿ ಮಾಡಿದವನನ್ನು ಬಿಡುಗಡೆ ಮಾಡುವುದು ಸಣ್ಣ ತಪ್ಪಲ್ಲ. ಅದು ಆರೋಪಿಯ ಪರ ವಕಾಲತ್ತು.

ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994), ಸಿದ್ಧಲಿಂಗಯ್ಯನವರ 'ಊರುಕೇರಿ' (1996) ಬಂದಾಗ ಕನ್ನಡ ಬೆಚ್ಚಿದ್ದು ಯಾಕೆ? ಅಲ್ಲಿ ಹೇಳುವ ಬಾಯಿಯೂ ಬರೆಯುವ ಕೈಯೂ ಒಬ್ಬನದೇ. ಆದರೆ ಬರೆಯುವ ಕೈ ಶಾಲೆಯಲ್ಲಿ ತಯಾರಾಗುತ್ತದೆ. ಶಾಲೆ ಕಾಣದವರು ಇನ್ನೊಬ್ಬರ ಕೈಯನ್ನೇ ನಂಬಬೇಕು. ಹಾಗೆ ಹುಟ್ಟಿದ್ದು ನಿರೂಪಿತ ಆತ್ಮಕಥನ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಹೇಳಿ, ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ 'ನಡುವೆ ಸುಳಿವ ಹೆಣ್ಣು' ಈ ಬಗೆಯದು. ಮಂಜಮ್ಮನ ಕತೆ ಮಂಜಮ್ಮನ ಆತ್ಮಕತೆಯಾಗಿಯೇ, ಬರೆದವರು ನಿರೂಪಕರಾಗಿಯೇ ಓದುಗರ ಮುಂದೆ ಬಂದಿರುವುದು ಸರಿಯಾದ ದಾರಿ. ಪುದುಚೇರಿ ಹತ್ತಿರದ ದಲಿತ ಹೆಣ್ಣುಮಗಳು ವಿರಮ್ಮಳ ಕತೆಯನ್ನು ರಾಸೀನ್ ದಂಪತಿಗಳು ವರ್ಷಗಟ್ಟಲೆ ಕೇಳಿ 1995ರಲ್ಲಿ ಫ್ರೆಂಚಿನಲ್ಲಿ ತಂದಾಗಲೂ ಲೇಖಕರ ಸಾಲಿನಲ್ಲಿ ವಿರಮ್ಮಳ ಹೆಸರಿತ್ತು.

ಎಲ್ಲ ಕಡೆ ಹೀಗಾಗಿಲ್ಲ. ಗ್ವಾಟೆಮಾಲಾದ ಆದಿವಾಸಿ ಹೆಣ್ಣುಮಗಳು ರಿಗೊಬರ್ಟಾ ಮೆಂಚು 1982ರಲ್ಲಿ ಪ್ಯಾರಿಸ್ಸಿನಲ್ಲಿ ಕೂತು ಹೇಳಿದ ಬದುಕು 1983ರಲ್ಲಿ ಪುಸ್ತಕವಾಯಿತು. ಲೇಖಕಿಯ ಸ್ಥಾನದಲ್ಲಿ ಧ್ವನಿಮುದ್ರಿಸಿದ ಎಲಿಜಬೆತ್ ಬರ್ಗೋಸ್ ಹೆಸರು. ಮೆಂಚುಗೆ 1992ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದ ಮೇಲೂ ಆ ಪುಸ್ತಕ ಯಾರದೆಂಬ ಜಗಳ ಮುಗಿಯಲಿಲ್ಲ. ಕೇರಳದ ಲೈಂಗಿಕ ಕಾರ್ಮಿಕೆ ನಳಿನಿ ಜಮೀಲಾ ಅವರದು ಇನ್ನೂ ಗಟ್ಟಿ ಪಾಠ. 2005ರಲ್ಲಿ ಇನ್ನೊಬ್ಬರ ನೆರವಿನಿಂದ ಬಂದ ಆತ್ಮಕಥೆ ನೋಡಿ, ಇದರಲ್ಲಿ ನಾನಿಲ್ಲ ಎಂಬ ಅತೃಪ್ತಿಯಿಂದ ಅದೇ ವರ್ಷ ಆಕೆ ಅದನ್ನು ತಿದ್ದಿ ಮತ್ತೆ ತಂದರು. ಹೇಳಿದಾಕೆ ತಿದ್ದುಪಡಿ ಕೇಳಬಹುದು, ಕೇಳಿ ಪಡೆಯಬಹುದು! ನಮ್ಮ ಎಷ್ಟು ನಿರೂಪಕರು ಹೇಳಿದವರ ಮುಂದೆ ಕೂತು ಕರಡು ಓದಿದ್ದಾರೆ?

ಕಾನೂನು ಇಲ್ಲಿ ಯಾರ ಪರ ಇದೆ? 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಕರ್ತೃ ಅದರ ನಿರ್ಮಾಪಕ. ಬದುಕಿದವಳು ಆಕೆ, ಕರ್ತೃ ಯಂತ್ರದ ಕಡೆಯವನು. 1994ರ ತಿದ್ದುಪಡಿ 'ಪ್ರದರ್ಶಕ' ಎಂಬ ಪದವನ್ನು ಬಿಡಿಸಿ ಹೇಳುವಾಗ ನಟ, ಗಾಯಕ, ದೊಂಬರಾಟದವನು, ಹಾವಾಡಿಗ, ಉಪನ್ಯಾಸ ಕೊಡುವವನು ಎಲ್ಲರನ್ನೂ ಹೆಸರಿಸಿತು. ತನ್ನ ಬದುಕನ್ನು ತಾನು ಹೇಳುವ ಹೆಣ್ಣುಮಗಳ ಹೆಸರು ಆ ಸಾಲಿನಲ್ಲಿಲ್ಲ. ಕೊನೆಯ 'ಇತರೆ' ಎಂಬ ಬಾಗಿಲ ಸಂದಿಯಲ್ಲಿ ಆಕೆ ತೂರಿಕೊಳ್ಳಬೇಕು. ನಮ್ಮವರಿಗೆ ಈ 'ಇತರೆ' ಹೊಸದೇನಲ್ಲ ಬಿಡಿ.

ಕೆಲವು ಗೆಳೆಯರು ಹೇಳುತ್ತಾರೆ: ನೋವಿನ ಕತೆಯನ್ನು ವ್ಯಾಪಾರ ಮಾಡಬಾರದು. ಕೇಳಲು ಚಂದ ಇದೆ ಈ ಮಾತು. ಹೆಳವನಿಗೆ ಕಾಳು ಸಿಗುತ್ತದೆ, ಅರ್ಜಿ ಬರೆಯುವವನಿಗೆ ರೂಪಾಯಿ ಸಿಗುತ್ತದೆ, ಸಂಶೋಧಕನಿಗೆ ಪದವಿ, ಪ್ರಕಾಶಕನಿಗೆ ಪುಸ್ತಕ, ಸಂಸ್ಥೆಗೆ ಅನುದಾನ. ಇಷ್ಟು ಮಂದಿಯ ನಡುವೆ ಬರಿಗೈಲಿ ಏಳುವವಳು ಹೇಳಿದಾಕೆ ಒಬ್ಬಳೇ. ವ್ಯಾಪಾರ ಆಗಲೇ ನಡೆದಿದೆ. ಆಕೆಯ ಪಾಲಿನ ಮಾತು ಬಂದಾಗ ಮಾತ್ರ ಅದು ಪಾಪವಾಗುತ್ತದೆ!

ಆದ್ದರಿಂದ ರಾಯಚೂರಿನಲ್ಲೋ ದೇವದುರ್ಗದಲ್ಲೋ ಓದಿದ ನಾಲ್ಕು ಹುಡುಗ ಹುಡುಗಿಯರು ಸೇರಿ ಜೀವನಕತೆ ಬರೆಯುವ ಸಣ್ಣ ಕಸುಬು ಶುರು ಮಾಡಿದರೆ ಬೇಡ ಎನ್ನಬಾರದು. ನೆಲಮೂಲದ ಕೆಲಸ ಅದು. ಬಂಡವಾಳ ಹೆಚ್ಚು ಬೇಕಿಲ್ಲ, ಶ್ರಮ ಮಾತ್ರ ಬಹಳ. ಒಂದು ತಾಸಿನ ಮಾತನ್ನು ಅಕ್ಷರಕ್ಕಿಳಿಸಲು ಐದಾರು ತಾಸು ಬೇಕು, ಅದೂ ನಮ್ಮ ಸೀಮೆಯ ಮಾತು ಗೊತ್ತಿದ್ದವರಿಗೆ. ನಿವೃತ್ತರಾಗುವ ದೊಡ್ಡವರು, ಮುಖಂಡರು ಅಭಿನಂದನ ಗ್ರಂಥ ಮಾಡಿಸಿಕೊಳ್ಳಲು ದುಡ್ಡು ಹಾಕುವ ಕಾಲ ಇದು. ಅವರಿಂದ ಪೂರ್ತಿ ದರ ತೆಗೆದುಕೊಳ್ಳಲಿ. ಸುಳ್ಳು ಹೊಗಳಿಕೆ ಬರೆಯುವುದಿಲ್ಲವೆಂದು ಮೊದಲೇ ಹೇಳಲಿ. ಆ ದುಡ್ಡಿನಲ್ಲಿ ಒಂದು ಪಾಲು ಕೇರಿಯ ಕತೆಗೆ ಇಡಲಿ.

ಆದರೆ ಕಸುಬಿಗೆ ನೀತಿ ಬೇಕು. ಕೂಲಿ ಬಿಟ್ಟು ಕೂತು ಹೇಳುವವರಿಗೆ ಆ ದಿನದ ಕೂಲಿ ಕೊಡಬೇಕು. ಬರೆದದ್ದನ್ನು ಅವರ ಮುಂದೆ, ಅವರ ಮಾತಿನಲ್ಲೇ ಓದಬೇಕು. 'ಇದು ತಗೀ ತಮ್ಮಾ' ಎಂದರೆ ತೆಗೆಯಬೇಕು, ಕಾರಣ ಕೇಳಕೂಡದು. ಮುತ್ತು ಕಟ್ಟಿಸಿಕೊಂಡವಳ ಮಗಳು ಎಲ್ಲೋ ಕಾಲೇಜು ಓದುತ್ತಿರಬಹುದು, ಆಕೆಯ ಹೆಸರು, ಊರು ಬಯಲಾಗದಂತೆ ನೋಡಬೇಕು. ಧ್ವನಿಯ ಒಂದು ಪ್ರತಿ ಅವರ ಮನೆಯ ಮೊಬೈಲಿನಲ್ಲಿ ಇರಬೇಕು. ಹಕ್ಕಿನಲ್ಲಿ ಹೇಳಿದವರಿಗೆ ಪಾಲಿದೆಯೆಂದು ಕಾಗದದಲ್ಲಿ ಬರೆದುಕೊಡಬೇಕು, ಕಾನೂನು ಕೊಡದಿದ್ದರೂ ಕರಾರು ಕೊಡುತ್ತದೆ. ಹೇಳುವುದಿಲ್ಲ ಎನ್ನುವವರ ಮುಂದೆ ಯಂತ್ರ ಮುಚ್ಚಬೇಕು. ಮೌನವೂ ಅವರ ಆಸ್ತಿ.

ಹಳ್ಳಿಯ ಮಾಸ್ತರರೇ, ಇದಕ್ಕೆ ಅಂಗಡಿ ತೆರೆಯುವ ತನಕ ಕಾಯಬೇಕಾಗಿಲ್ಲ. ನಿಮ್ಮ ಏಳನೇ ಇಯತ್ತೆಯ ಹುಡುಗಿಗೆ ಬರೆಯಲು ಬರುತ್ತದೆ, ಅವಳ ಅಜ್ಜಿಗೆ ಹೇಳಲು ಬರುತ್ತದೆ. ಅಜ್ಜಿ 'ಹೊಯ್ತಿದ್ರು' ಎಂದರೆ ಹುಡುಗಿ 'ಹೊಯ್ತಿದ್ರು' ಎಂದೇ ಬರೆಯಲಿ. ಅದಕ್ಕೆ ಕೆಂಪು ಶಾಯಿ ಹಚ್ಚಬೇಡಿ. ಆ ನೀರು ಹೊಯ್ದವರು ಯಾರೆಂದು ಮುಂದಿನ ಸಾಲಿನಲ್ಲಿ ಅಜ್ಜಿಯೇ ಹೇಳುತ್ತಾಳೆ.