ಮುಷ್ಟಿಯ ಮೇಲೆ ಕಟ್ಟಿದ ಬೆಲೆ

ಮುಹಮ್ಮದ್ ಅಲಿಯ ಕಥೆ ಹೇಳುವವರು ಒಂದು ಲೆಕ್ಕವನ್ನು ಬಿಡುವುದೇ ಇಲ್ಲ. 1964ರ ಫೆಬ್ರವರಿ 25ರಂದು ಮಿಯಾಮಿಯಲ್ಲಿ ಸೋನಿ ಲಿಸ್ಟನ್‌ನ ಎದುರು ನಿಂತಾಗ, ಆಗಿನ್ನೂ ಕ್ಯಾಷಿಯಸ್ ಕ್ಲೇ ಆಗಿದ್ದ 22ರ ಹುಡುಗನ ಮೇಲಿನ ಬಾಜಿಯ ದರ ಒಂದಕ್ಕೆ ಏಳು. ಏಳನೇ ಸುತ್ತಿಗೆ ಲಿಸ್ಟನ್ ಕುರ್ಚಿಯಿಂದ ಏಳಲಿಲ್ಲ. 1990ರಲ್ಲಿ ಟೋಕಿಯೋದಲ್ಲಿ ಮೈಕ್ ಟೈಸನ್‌ನನ್ನು ಕೆಡವಿದ ಬಸ್ಟರ್ ಡಗ್ಲಸ್‌ನ ದರ ಲಾಸ್ ವೇಗಾಸ್‌ನಲ್ಲಿ ಒಂದಕ್ಕೆ ನಲವತ್ತೆರಡಿತ್ತು. ಬಾಜಿಪೇಟೆ ಎಷ್ಟು ದಡ್ಡ ನೋಡಿ ಎಂದು ನಾವು ನಗುತ್ತೇವೆ.

ಈ ನಗು ಅವಸರದ್ದು. ಒಂದಕ್ಕೆ ನಲವತ್ತೆರಡು ಎಂದರೆ 43ರಲ್ಲಿ ಒಮ್ಮೆ ಹೀಗಾದೀತು ಎಂದರ್ಥ. ಆ ಒಮ್ಮೆ ಅಂದೇ ಬಂತು ಎಂದು ಪೇಟೆಯವರು ಹೇಳಿದರೆ ಉತ್ತರವಿಲ್ಲ. ನಮ್ಮ ತಕರಾರು ಇರುವುದು ಇಲ್ಲಿಯೇ. ಯಾವ ಒಂದು ಫಲಿತಾಂಶದಿಂದಲೂ ಸುಳ್ಳಾಗದ ಮಾತನ್ನು ಜ್ಞಾನವೆಂದು ಹೇಗೆ ನಂಬುವುದು? ಸಾವಿರ ಪಂದ್ಯಗಳ ಸರಾಸರಿಯಲ್ಲಿ ಅದು ನಿಜವಿರಬಹುದು. ಆದರೆ ಏಟು ತಿನ್ನುವವನು ಸರಾಸರಿಯಲ್ಲಿ ತಿನ್ನುವುದಿಲ್ಲ.

ಹೆಚ್ಚು ಯೋಚಿಸಬೇಕಾದ್ದು 1980ರ ಅಕ್ಟೋಬರ್ 2ರ ಪಂದ್ಯ. ಸ್ಥಳ ವೇಗಾಸ್‌ನ ಸೀಸರ್ಸ್ ಪ್ಯಾಲೇಸ್, ಅಂದರೆ ಜೂಜಿನ ಮನೆಯ ಅಂಗಳ. 38ರ ಅಲಿಯ ಎದುರು ಲ್ಯಾರಿ ಹೋಮ್ಸ್. ಆ ಜುಲೈಯಲ್ಲಿ ಮೇಯೋ ಕ್ಲಿನಿಕ್‌ನ ವೈದ್ಯರು ಅಲಿಯನ್ನು ಪರೀಕ್ಷಿಸಿದ್ದರು. ಮಾತು ತುಸು ತೊದಲುತ್ತಿದೆ, ಬೆರಳು ಮೂಗನ್ನು ಸರಿಯಾಗಿ ಮುಟ್ಟುತ್ತಿಲ್ಲ ಎಂಬಂಥ ಸಂಗತಿಗಳು ವರದಿಯಲ್ಲಿದ್ದವು. ಹಾಗೆಂದು ಸೆಣಸಬಾರದೆಂದು ಅದು ಹೇಳಲಿಲ್ಲ. ನೆವಾಡದ ಅಥ್ಲೆಟಿಕ್ ಆಯೋಗ ಪರವಾನಗಿ ಕೊಟ್ಟಿತು, ವರದಿ ಜನರ ಕೈಗೆ ಬರಲಿಲ್ಲ. ಅಲಿ ಥೈರಾಯ್ಡ್ ಮಾತ್ರೆ ನುಂಗಿ ತೂಕ ಇಳಿಸಿದ. ಕೂದಲಿಗೆ ಕಪ್ಪು ಹಚ್ಚಿ, ಹಳೆಯ ಚೆಲುವಿನಲ್ಲಿ ಬಂದು ನಿಂತ. ಜನರ ಪ್ರೀತಿಯೆಲ್ಲ ಹಣವಾಗಿ ಅವನ ಕಡೆಗೆ ಹರಿಯಿತು, ದರ ಅವನ ಪರವಾಗಿ ಬಿಗಿಯಾಯಿತು. ಹತ್ತು ಸುತ್ತು ಹೊಡೆತ ತಿಂದ ಮೇಲೆ ತರಬೇತುದಾರ ಆಂಜೆಲೊ ಡಂಡಿ ಪಂದ್ಯ ನಿಲ್ಲಿಸಿದರು. ಪಾರ್ಕಿನ್ಸನ್ ಕಾಯಿಲೆಯ ಸುದ್ದಿ ಹೊರಬಿದ್ದದ್ದು 1984ರಲ್ಲಿ.

ಪೇಟೆಗೆ ಎಲ್ಲ ತಿಳಿದಿರುತ್ತದೆ ಎನ್ನುವವರು ಈ ಪಂದ್ಯವನ್ನು ಹೇಗೆ ಓದುತ್ತಾರೋ! ಅಂದು ದರ ಅಳೆದದ್ದು ಅಲಿಯ ದೇಹವನ್ನಲ್ಲ, ಅವನ ಬಗ್ಗೆ ಜನರಿಗಿದ್ದ ಆಸೆಯನ್ನು.

ಉರ್ದುವಿನಲ್ಲಿ ಬಾಜಿ ಎಂದರೆ ಆಟವೂ ಹೌದು, ಪಣವೂ ಹೌದು. ಭಾಷೆ ಎರಡನ್ನೂ ಒಂದೇ ಗೂಡಿನಲ್ಲಿಟ್ಟಿದೆ. ಆದರೆ ಪಣಕ್ಕೆ ಆಟ ಬೇಕೇ ಬೇಕೆಂದಿಲ್ಲ. ಭದ್ರಾವತಿ, ಶಿವಮೊಗ್ಗದ ಕಡೆ ‘ಓಸಿ’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಓಪನ್ ಮತ್ತು ಕ್ಲೋಸ್. ನ್ಯೂಯಾರ್ಕ್ ಹತ್ತಿ ಪೇಟೆಯಿಂದ ಬೊಂಬಾಯಿಗೆ ತಂತಿಯಲ್ಲಿ ಬರುತ್ತಿದ್ದ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಕಟ್ಟುತ್ತಿದ್ದ ಬಾಜಿ ಅದು. 1960ರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತಿತು. ಬಾಜಿ ನಿಲ್ಲಲಿಲ್ಲ. ಮಡಕೆಯಲ್ಲಿ ಚೀಟಿ ಹಾಕಿ ಎತ್ತಿದರು, ಮಟ್ಕಾ ಎಂಬ ಹೆಸರು ಬಂತು. ಹತ್ತಿ ಹೋದರೂ ಅಂಕಿ ಉಳಿಯಿತು. ಬಾಕ್ಸರ್ ಕೂಡ ಪೇಟೆಗೆ ಇಂಥದೇ ಒಂದು ಹತ್ತಿಯ ಮೂಟೆ.

ಇತ್ತೀಚೆಗೆ ಇದಕ್ಕೆ ‘ಅಭಿಪ್ರಾಯದ ವ್ಯಾಪಾರ’ ಎಂಬ ಮರ್ಯಾದೆಯ ಹೆಸರು ಬಂದಿತ್ತು. ಪ್ರೋಬೊದಂಥ ಆ್ಯಪ್‌ಗಳಲ್ಲಿ ಇಂದಿನ ಪಂದ್ಯ ಯಾರು ಗೆಲ್ಲುತ್ತಾರೆ ಎಂಬುದಕ್ಕೆ ‘ಹೌದು’ ಆರು ರೂಪಾಯಿ, ‘ಇಲ್ಲ’ ನಾಲ್ಕು ರೂಪಾಯಿ. ಗೆದ್ದವನಿಗೆ ಹತ್ತು, ಅದರಲ್ಲಿ ಆ್ಯಪ್‌ನ ಪಾಲು ಕಳೆದು. ಕರ್ನಾಟಕ 2021ರಲ್ಲಿ ಆನ್‌ಲೈನ್ ಬಾಜಿಯನ್ನು ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದ ಮೇಲೆ ಪ್ರೋಬೊ ಹಣದ ಆಟ ನಿಲ್ಲಿಸಿತು.

ಒಂದು ಮಾತು ಒಪ್ಪಬೇಕು. ಒಂಟೆಯ ಮಾಂಸದ ಪಾಲಿಗಾಗಿ ಬಾಣ ಎತ್ತುತ್ತಿದ್ದ ಅರಬರ ಮೈಸಿರ್ ಆಟದಲ್ಲಿ ಮಾಂಸ ಬಡವರಿಗೂ ಸಿಗುತ್ತಿತ್ತಂತೆ. ಅದರಲ್ಲಿ ಜನರಿಗೆ ಲಾಭವೂ ಇದೆ ಎಂದು ಒಪ್ಪಿಕೊಂಡೇ ಕುರ್‌ಆನ್ ಕೇಡು ಹೆಚ್ಚು ಎನ್ನುತ್ತದೆ. ಆ್ಯಪ್‌ನಲ್ಲಿ ಹಂಚಲು ಮಾಂಸವೂ ಇರಲಿಲ್ಲ.

ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಸುದ್ದಿಯ ಕಾಗದ ಮಾಡುತ್ತಿದ್ದ ಕಾಗದನಗರದಲ್ಲಿ ಈಗ ಕಾಗದ ತಯಾರಾಗುವುದಿಲ್ಲ. ಅಂಗೈಯಗಲದ ಚೀಟಿಯಲ್ಲಿ ಅಂಕಿ ಬರೆದುಕೊಟ್ಟವನ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆಯ 78(3)ನೇ ಕಲಮಿನಡಿ ದಾಖಲಾದ ಪ್ರಕರಣ ಜಿಲ್ಲೆಯ ಪತ್ರಿಕೆಗಳ ಮೂಲೆಯಲ್ಲಿ ಈಗಲೂ ಬರುತ್ತಿರುತ್ತದೆ.